ಅನ್ನದ ಕೋಣೆಯ ಹೊರಗೆ

ಬು ಸುದಾರ್ತಿಯ ಕೈಯಲ್ಲಿದ್ದ ತಟ್ಟೆಯ ಮೇಲೆ ಹಸಿರು ಬಟ್ಟೆ ಮುಚ್ಚಿತ್ತು. ಒಳಗೇನಿದೆ ಎಂದು ಬಟ್ಟೆ ಎತ್ತಿ ನೋಡುವ ಅಗತ್ಯ ವರ್ಸಿನಿಗೆ ಇರಲಿಲ್ಲ. ಎರಡು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ವೀಳ್ಯದೆಲೆ. ಮದುವೆ ಮನೆಯ ಯಜಮಾನಿ ಈ ತಟ್ಟೆಯನ್ನು ಊರಿನಲ್ಲಿ ಒಂದೇ ಒಂದು ಮನೆಗೆ ಒಯ್ಯುತ್ತಾಳೆ, ಅನ್ನ ಬೇಯಿಸುವವಳ ಮನೆಗೆ. ಕೆಲಸಕ್ಕೆ ಬರುವ ಉಳಿದ ಹೆಂಗಸರನ್ನು ಬರಿಗೈಯಲ್ಲಿ ಹೋಗಿ ಕರೆದರೆ ಸಾಕು. ಹತ್ತೊಂಬತ್ತು ವರ್ಷಗಳಿಂದ ಆ ತಟ್ಟೆ ವರ್ಸಿನಿಗೇ ಬರುತ್ತಿತ್ತು. ಅದಕ್ಕೂ ಮೊದಲು, ಅತ್ತೆ ಇದ್ದಾಗ, ಅತ್ತೆಗೆ.

ಅವಳು ಬೆಳಿಗ್ಗೆಯೇ ಜಗಲಿ ಗುಡಿಸಿ, ಹೊಸ ಚಾಪೆ ಹಾಸಿ, ಏನೂ ಗೊತ್ತಿಲ್ಲದವಳಂತೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಬು ಸುದಾರ್ತಿ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಹತ್ತಿರ ಬಂದಳು. ವರ್ಸಿನಿ ಸೊಪ್ಪು ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಬು ಸುದಾರ್ತಿ ಅವಳತ್ತ ನಕ್ಕು, ತುಸು ತಲೆಬಾಗಿ, ಎದುರುಮನೆಯ ಗೇಟು ತೆಗೆದು ಒಳಗೆ ಹೋದಳು.

ಎದುರುಮನೆ ರುಕ್ಮಿಯಾತಿಯದು.

ಎದ್ದು ನಿಂತವಳು ಹೇಗೆ ಮತ್ತೆ ಕೂರುವುದು? ವರ್ಸಿನಿ ಪೊರಕೆ ತೆಗೆದುಕೊಂಡು, ಗುಡಿಸಿದ ಜಗಲಿಯನ್ನೇ ಮತ್ತೊಮ್ಮೆ ಗುಡಿಸಿದಳು. ಎದುರುಮನೆಯಲ್ಲಿ ಇಬ್ಬರೂ ನಗುವುದು ಕೇಳಿಸಿತು. ಕಾಲು ಗಂಟೆಯ ನಂತರ ಬು ಸುದಾರ್ತಿ ಇವಳ ಮನೆಗೆ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ.

"ಯು ವರ್ಸಿ, ನೀವು ನಮ್ಮನೇವ್ರೇ. ಅಕ್ಕನ್ನ ಕರೀಬೇಕಾ? ಆದ್ರೂ ಬಾಯಿತುಂಬ ಕರೀತಿದೀನಿ. ಈ ಸಲ ಚಹಾ ನೀವು ನೋಡ್ಕೊಳ್ಳಿ."

"ಅನ್ನ?"

"ಅನ್ನ ದಿಕ್ ರುಕ್ಮಿ ಮಾಡ್ತೀನಿ ಅಂದ್ಲು, ಪಾಪ, ಚಿಕ್ಕೋಳು, ಉತ್ಸಾಹ. ಅವಳ ಹತ್ರ ಗ್ಯಾಸಿನ ದೊಡ್ಡ ಒಲೆ ಇದೆಯಲ್ಲ. ನಿಮಗೂ ವಯಸ್ಸಾಯ್ತು, ಹೊಗೇಲಿ ಯಾಕೆ ಕಣ್ಣು ಹಾಳು ಮಾಡ್ಕೊಳ್ತೀರಿ?"

ವರ್ಸಿನಿಗೆ ನಲವತ್ತೊಂಬತ್ತು. ಬು ಸುದಾರ್ತಿಗೆ ಐವತ್ತಾರು.

"ಹೌದು ಬು. ಚಹಾ ಹಗುರದ ಕೆಲಸ," ಎಂದಳು ವರ್ಸಿನಿ.

ಅವಳು ಹೋದ ಮೇಲೆ ವರ್ಸಿನಿ ಓಣಿಯಲ್ಲಿ ಯಾರಾರು ಇದ್ದರು ಎಂದು ಎಣಿಸಿದಳು. ಬಾವಿಯ ಹತ್ತಿರ ತುಗಿಯೆಮ್ ಮತ್ತು ಅವಳ ಓರಗಿತ್ತಿ. ಸೈಕಲ್ಲಿನ ಮೇಲೆ ತೋಫು ಮಾರುವವನು. ಬಿಸಿಲು ಕಾಯುತ್ತಿದ್ದ ಕಸಿಯೆಮ್ ಅಜ್ಜಿ. ನಾಲ್ಕು ಜನ. ಅಂದರೆ ಮಧ್ಯಾಹ್ನದ ಹೊತ್ತಿಗೆ ನಲವತ್ತು.

ನಾಚಿಕೆಗೆ ಊರಿನಲ್ಲಿ ಬೇಕಾದಷ್ಟು ಮಾತುಗಳಿವೆ. ಮದುಮಗಳು ತಲೆ ತಗ್ಗಿಸಿದರೆ ಅದು ಇಸಿನ್. ದೊಡ್ಡವರೆದುರು ಎರಡನೇ ತುತ್ತಿಗೆ ಕೈಚಾಚಲು ಹಿಂಜರಿದರೆ ಅದಕ್ಕೊಂದು ಬೇರೆ ಹೆಸರು. ಅವೆಲ್ಲ ಒಳ್ಳೆಯ ನಾಚಿಕೆಗಳು, ಇಲ್ಲದವರನ್ನೇ ಜನ ಆಡಿಕೊಳ್ಳುತ್ತಾರೆ. ವಿರಾಂಗ್ ಹಾಗಲ್ಲ. ಅದು ಒಳಗಿನಿಂದ ಹುಟ್ಟುವುದಿಲ್ಲ. ಹೊರಗಿನಿಂದ ಬಂದು ಮೈಮೇಲೆ ಬೀಳುತ್ತದೆ, ಮತ್ತು ಬೀಳುವಾಗ ನೋಡಲು ಜನ ಇರಬೇಕು. ಹಿತ್ತಲಲ್ಲಿ ಯಾರಿಗೂ ಕಾಣದಂತೆ ಜಾರಿ ಬಿದ್ದವಳಿಗೆ ಮಂಡಿ ತರಚುತ್ತದೆ, ಅಷ್ಟೆ. ಸಂತೆಯಲ್ಲಿ ಬಿದ್ದವಳಿಗೂ ಅದು ವಿರಾಂಗ್ ಅಲ್ಲ, ನಾಲ್ಕು ಜನ ನಕ್ಕು ಮರೆಯುತ್ತಾರೆ. ಆದರೆ ಸಂತೆಯಲ್ಲಿ ಇವಳನ್ನು ಬಿಟ್ಟು ಪಕ್ಕದವಳಿಗೆ ಮಣೆ ಹಾಕಿದರೆ, ಅದು ವಿರಾಂಗ್. ಸಾರಿಗೆ ಉಪ್ಪು ಹೆಚ್ಚಾದ ದಿನ ಹೊಸ ಸೊಸೆಯಾಗಿದ್ದ ವರ್ಸಿನಿ ಆ ಮಾತು ಆಡಿದಾಗ ಅತ್ತೆ, "ಅದನ್ನ ಬಾಯಲ್ಲಿ ತರ್ಬೇಡ, ಅದಾದೋರು ಊರು ಬಿಡ್ತಾರೆ," ಎಂದು ಗದರಿದ್ದರು. ಕೆಟ್ಟ ಕಾಯಿಲೆಯ ಹೆಸರು ಹೇಳುವವರ ಹಾಗೆ, ದನಿ ತಗ್ಗಿಸಿ.

ವರ್ಸಿನಿ ಊರು ಬಿಡಲಿಲ್ಲ. ಎದುರುಮನೆಯನ್ನು ನೋಡುತ್ತ ಕೂತಳು.

ರುಕ್ಮಿಯಾತಿ ಎರಡು ವರ್ಷದ ಹಿಂದೆ ಸೆಮಾರಾಂಗ್ ಪಟ್ಟಣದಿಂದ ಹಿಂತಿರುಗಿದ್ದಳು. ಅಲ್ಲಿ ಗಂಡನ ಜೊತೆ ಊಟ ಸರಬರಾಜಿನ ಅಡುಗೆಮನೆ ನಡೆಸುತ್ತಿದ್ದಳು, ಗಂಡ ಸತ್ತ ಮೇಲೆ ತವರಿಗೆ ಬಂದಳು. ವಿಧವೆಯಾಗಿ ಬಂದವಳು ಸ್ವಲ್ಪ ಬಾಡಿರುತ್ತಾಳೆ ಎಂದುಕೊಂಡಿದ್ದರೆ ಇವಳು ಬಾಡಿರಲಿಲ್ಲ. ನಕ್ಕರೆ ಹಲ್ಲು ಸಾಲಾಗಿ ಕಾಣುತ್ತಿತ್ತು. ಅವಳ ಅಡುಗೆ ಅಂಗಿಗೆ ಮೂರು ಜೇಬು, ಒಂದರಲ್ಲಿ ಸಣ್ಣ ಗಡಿಯಾರ. ಒಂದು ಸಲ ಹೆಸರು ಕೇಳಿದರೆ ಮರೆಯುತ್ತಿರಲಿಲ್ಲ, ವರ್ಸಿನಿಯ ಕೋಳಿಗಳ ಹೆಸರು ಕೂಡ. ಅದೇ ವರ್ಸಿನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಬಯ್ಯಲು ಏನಾದರೂ ಒಂದು ಸಿಗಬೇಕಲ್ಲ. ಎರಡು ವರ್ಷ ಹುಡುಕಿದ್ದಳು. ಬಟ್ಟೆ ಒಣಗಿಸುವಾಗ ಒಳಲಂಗವನ್ನು ಓಣಿಯ ಕಡೆಗೆ ಹಾಕುತ್ತಾಳೆ ಎನ್ನುವುದೊಂದೇ ಸಿಕ್ಕಿತ್ತು. ಹೇಳಿದಾಗ ತುಗಿಯೆಮ್, "ಬಿಸಿಲು ಆ ಕಡೆನೇ ಬರತ್ತಲ್ಲ ಯು," ಎಂದುಬಿಟ್ಟಳು.

ಬು ಸುದಾರ್ತಿಯ ಮಗಳ ಮದುವೆಯ ದಿನ ಬೆಳಿಗ್ಗೆ ಹದಿನಾಲ್ಕು ಹೆಂಗಸರು ಅವಳ ಹಿತ್ತಲಿನಲ್ಲಿ ಸೇರಿದ್ದರು. ಅನ್ನದ ಕೋಣೆ ಹಿತ್ತಲ ಮೂಲೆಯಲ್ಲಿ ಬಿದಿರು ತಟ್ಟಿಯ ಗೋಡೆಯದು, ಬಾಗಿಲಿಗೆ ಹಳೆಯ ಬಾತಿಕ್ ಬಟ್ಟೆಯ ಪರದೆ. ಒಳಗೆ ಅನ್ನ ಬೇಯಿಸುವವಳು ಮಾತ್ರ. ಕರೆಯದೆ ಯಾರೂ ಪರದೆ ಸರಿಸುವಂತಿಲ್ಲ. ಅನ್ನ ಬೆಂತಾ, ಎಷ್ಟು ಹೊತ್ತು, ನೀರು ಸಾಕಾ ಎಂದು ಹೊರಗಿನಿಂದ ಕೇಳುವಂತೆಯೂ ಇಲ್ಲ. ಕೇಳಿದರೆ ಅಕ್ಕಿ ಮುನಿಯುತ್ತದೆ.

ಚಹಾದ ಒಲೆಯನ್ನು ಆ ಗೋಡೆಗೆ ತಾಗಿಸಿಯೇ ಹೂಡಿದ್ದರು. ವರ್ಸಿನಿ ದೊಡ್ಡ ಹಂಡೆಗೆ ಬೆಂಕಿ ಮಾಡಿ, ಬೆನ್ನು ಗೋಡೆಗೆ ಕೊಟ್ಟು ಕೂತಳು. ಹತ್ತೊಂಬತ್ತು ವರ್ಷದಲ್ಲಿ ಮದುವೆಮನೆಯ ಅನ್ನದ ಕೋಣೆಯ ಹೊರಗೆ ಕೂತದ್ದು ಇದೇ ಮೊದಲು.

"ಯು, ಈ ಕಡೆ ಗಾಳಿ ಚೆನ್ನಾಗಿದೆ ಅಲ್ವಾ?" ಎಂದಳು ಲೋಟ ಒರೆಸುತ್ತಿದ್ದ ತುಗಿಯೆಮ್. "ಒಳಗೆ ಕೂತು ಕೂತು ನೀವೇ ಹಬೇಲಿ ಬೆಂದುಹೋಗ್ತಿದ್ರಿ."

"ನೀನು ಲೋಟ ಒರಸು."

"ಒರಸ್ತಾ ಇದೀನಿ. ಬು ರುಕ್ಮಿ ಏನೋ ಗಡಿಯಾರ ಇಟ್ಕೊಂಡು ಬೇಯಿಸ್ತಾರಂತೆ. ನಮ್ಮನೇಲಿ ಗಡಿಯಾರ ಇದೆ, ಅನ್ನ ಮಾತ್ರ ದಿನಾ ಮುದ್ದೆ."

ಎಲ್ಲರೂ ನಕ್ಕರು. ವರ್ಸಿನಿಯೂ ಹಲ್ಲು ಬಿಟ್ಟಳು. *ಬು* ರುಕ್ಮಿ! ತನ್ನನ್ನು ಇಷ್ಟು ವರ್ಷವಾದರೂ *ಯು* ಎನ್ನುತ್ತಾರೆ, ಅಕ್ಕ. ನಿನ್ನೆ ಮೊನ್ನೆ ಬಂದವಳು ಅಮ್ಮನವರು.

ಬಿದಿರು ಗೋಡೆಗೆ ಬೆನ್ನಿಟ್ಟವಳಿಗೆ ಒಳಗಿನದೆಲ್ಲ ಕಣ್ಣಿಗೆ ಕಂಡ ಹಾಗಿತ್ತು. ಗ್ಯಾಸಿನ ಒಲೆ ಭರ್ರೆಂದು ಉರಿಯುತ್ತಿತ್ತು. ಅದರ ಮೇಲಿದ್ದದ್ದು ರುಕ್ಮಿಯಾತಿಯ ಪಾತ್ರೆಯಲ್ಲ. ಬು ಸುದಾರ್ತಿಯ ಅಜ್ಜಿಯ ಕಾಲದ ತಾಮ್ರದ ಹಬೆ ಪಾತ್ರೆ. ಮನೆಯ ಮೊದಲ ಮದುವೆಯ ಅನ್ನ ಮನೆಯ ತಾಮ್ರದಲ್ಲೇ ಬೇಯಬೇಕೆಂದು ಬು ಸುದಾರ್ತಿ ಹಟ ಹಿಡಿದಿದ್ದಳು. ನಡು ಸಣ್ಣದಾದ, ತಳದಲ್ಲಿ ಹೆಚ್ಚು ನೀರು ಹಿಡಿಯದ ಪಾತ್ರೆ. ಸೌದೆಯ ಉರಿಗೆ ಅದರ ನೀರು ಒಂದು ಗಂಟೆ ಬರುತ್ತದೆ. ಈ ಗ್ಯಾಸಿನ ಉರಿಗೆ?

ಒಂಬತ್ತರ ಹೊತ್ತಿಗೆ ವರ್ಸಿನಿಗೆ ಕೇಳಿಸಿತು. ನೀರು ತುಂಬಿದ ಪಾತ್ರೆ ಗೊಳಗೊಳ ಅನ್ನುತ್ತದೆ, ಕಡಿಮೆಯಾದ ಹಾಗೆ ಚಟಪಟ ಅನ್ನುತ್ತದೆ. ಆಮೇಲೆ ಒಂದು ಸಣ್ಣ ಸಿಳ್ಳು. ಒಲೆಯ ಭರ್ರೆನ್ನುವ ಸದ್ದಿನ ಪಕ್ಕದಲ್ಲೇ ಇರುವವಳಿಗೆ ಅದು ಕೇಳುವುದಿಲ್ಲ. ಅದೂ ಅಲ್ಲದೆ ಅವಳು ಗಡಿಯಾರ ನೋಡುತ್ತಿರುತ್ತಾಳೆ.

ವರ್ಸಿನಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು. ದಿಕ್, ನೀರು ನೋಡು. ತಂಗಿ ಎಂಬ ಕರೆಯೂ ಸೇರಿ ಮೂರೇ ಮೂರು ಪದ. ಆದರೆ ಹೊರಗಿನಿಂದ ಕೇಳಬಾರದು ಎನ್ನುವುದು ಪದ್ಧತಿ. ತಾನೇ ಒಳಗಿದ್ದಾಗ ಎಷ್ಟು ಜನರ ಬಾಯಿ ಮುಚ್ಚಿಸಿಲ್ಲ? ಪದ್ಧತಿಯನ್ನು ತಾನು ಮುರಿಯುವುದೇ? ಅವಳು ಒಲೆಗೆ ಒಂದು ಕೊರಡು ದೂಡಿದಳು. ಸಿಳ್ಳು ಸಣ್ಣದಾಯಿತು. ನಿಂತಿತು. ಎದೆಯೊಳಗೆ ಏನೋ ಒಂದು ಸಿಹಿಯಾಗಿ ಇಳಿಯಿತು, ತಾಟಿಬೆಲ್ಲ ಕರಗಿದ ಹಾಗೆ. ಇವತ್ತು ಮುನ್ನೂರು ಜನರೆದುರು. ನನಗೆ ನಾಲ್ಕೇ ಜನರೆದುರು ಆದದ್ದು.

ಹತ್ತು ಗಂಟೆಗೆ ಗಂಡಿನ ಕಡೆಯವರ ಎರಡು ಬಸ್ಸು ಬಂದವು. ಚಪ್ಪರದಲ್ಲಿ ಧ್ವನಿವರ್ಧಕ ಕೂಗತೊಡಗಿತು. ಆ ಹೊತ್ತಿಗೇ ಪರದೆ ಸರಿಯಿತು, ರುಕ್ಮಿಯಾತಿ ಹೊರಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಅವಳ ಹಿಂದೆ ಸುಟ್ಟ ತಾಮ್ರದ ವಾಸನೆ ಬಂತು. ಕೈಯಲ್ಲಿದ್ದ ಸೌಟಿನಲ್ಲಿ ಅನ್ನ ಬಿಡಿಬಿಡಿಯಾಗಿ, ನಡುವೆ ಬೆಳ್ಳಗೆ, ಮರಳಿನಂತೆ ಇತ್ತು.

"ಬು," ಎಂದಳು ಸುದಾರ್ತಿಗೆ. "ಬೆಂದಿಲ್ಲ."

ಮದುವೆಯ ಅನ್ನ ಬೇಯದಿದ್ದರೆ ಊರಿನವರು ನೀರನ್ನೂ ಉರಿಯನ್ನೂ ದೂರುವುದಿಲ್ಲ. ಯಾರದೋ ಮನಸ್ಸು ಹುಳಿಯಾಗಿದೆ ಎನ್ನುತ್ತಾರೆ. ಈರುಳ್ಳಿ ಬಿಡಿಸುತ್ತಿದ್ದ ಕಸಿಯೆಮ್ ಅಜ್ಜಿ ಚಾಕು ಕೆಳಗಿಟ್ಟಳು.

ಬು ಸುದಾರ್ತಿಯ ಮುಡಿ ಅಲುಗುತ್ತಿತ್ತು. ಅವಳು ಯಾರನ್ನೂ ನೋಡದೆ, ಎರಡು ಕೈ ಜೋಡಿಸಿ, "ನಾನು ಯಾರ ಮನಸ್ಸಿಗಾದ್ರೂ ನೋವು ಮಾಡಿದ್ರೆ ಆಮೇಲೆ ಬೇಕಾದಷ್ಟು ಬಯ್ಯಿರಿ. ಇವತ್ತು ಬೀಗರೆದುರು ನನ್ನ ವಿರಾಂಗ್ ಮಾಡ್ಬೇಡಿ. ಕಾಲಿಗೆ ಬೀಳ್ತೀನಿ," ಎಂದಳು.

ಆ ಮಾತನ್ನು ಅಷ್ಟು ಗಟ್ಟಿಯಾಗಿ ಯಾರೂ ಆಡಿದ್ದನ್ನು ವರ್ಸಿನಿ ಕೇಳಿರಲಿಲ್ಲ. ಹಿತ್ತಲಲ್ಲಿ ಒಬ್ಬರೂ ವರ್ಸಿನಿಯ ಕಡೆ ನೋಡಲಿಲ್ಲ. ಒಬ್ಬಳು ಸೌತೆಕಾಯಿ ನೋಡಿದಳು, ಒಬ್ಬಳು ತನ್ನ ಉಗುರು, ತುಗಿಯೆಮ್ ಖಾಲಿ ಲೋಟದ ಒಳಗೆ. ಅಷ್ಟು ಜನ ಒಟ್ಟಿಗೆ ಒಬ್ಬಳನ್ನು ನೋಡದಿದ್ದರೆ, ಅದು ಬೆರಳು ಮಾಡಿ ತೋರಿಸಿದ್ದಕ್ಕಿಂತ ಹೆಚ್ಚು.

ಆಗ ಅವಳಿಗೆ ಅರ್ಥವಾಯಿತು. ಇವತ್ತು ಈ ಅನ್ನ ಹೀಗೇ ಉಳಿದರೆ ರುಕ್ಮಿಯಾತಿಗೆ ಒಂದು ದಿನದ ಮಾತು. ತನಗೆ ಸಾಯುವ ತನಕ. ಅನ್ನ ಕೆಡಿಸಿದವಳು. ಮುಂದೆ ಯಾರ ಮನೆಯ ಶುಭಕಾರ್ಯಕ್ಕೂ, ಲೋಟ ತೊಳೆಯಲೂ, ಯಾರೂ ಕರೆಯುವುದಿಲ್ಲ.

ಬು ಸುದಾರ್ತಿಯನ್ನು ಯಾರೋ ಮುಂದುಗಡೆಯಿಂದ ಕೂಗಿದರು, ಬೀಗಿತ್ತಿ ಕಾಯುತ್ತಿದ್ದಾರೆ. ಅವಳು ಕಣ್ಣೊರೆಸಿಕೊಂಡು ಓಡಿದಳು.

ವರ್ಸಿನಿ ಎದ್ದಳು. ರುಕ್ಮಿಯಾತಿಯ ಹತ್ತಿರ ಹೋಗಿ, ಅವಳಿಗಷ್ಟೇ ಕೇಳುವಂತೆ ಹೇಳಿದಳು: "ಅಕ್ಕಿ ಮುನಿದಿಲ್ಲ. ನಿನ್ನ ನೀರು ಆರಿಹೋಗಿದೆ. ಮರಿಗೆಗೆ ಸುರಿ, ಕುದಿಯೋ ನೀರು ಹೊಯ್ದು ಮುಚ್ಚು, ಇಪ್ಪತ್ತು ನಿಮಿಷ. ಮತ್ತೆ ಹಬೆಗಿಡು."

"ಕುದಿಯೋ ನೀರು ಎಲ್ಲಿದೆ ಯು? ಹೊಸದಾಗಿ ಕಾಯ್ಸೋಕೆ ಅರ್ಧ ಗಂಟೆ..."

ಇಬ್ಬರೂ ಚಹಾದ ಹಂಡೆಯ ಕಡೆ ನೋಡಿದರು.

ಅವರ ಕ್ಲಾತೆನ್ ಸೀಮೆಯ ಮದುವೆಯಲ್ಲಿ ಊಟ ಒಂದೊಂದಾಗಿ ಬರುತ್ತದೆ. ಮೊದಲು ಚಹಾ, ಆಮೇಲೆ ಸೂಪು, ಆಮೇಲೆ ಅನ್ನ, ಆಮೇಲೆ ಐಸು, ಆಮೇಲೆ ಎಲ್ಲರೂ ಮನೆಗೆ. ಈ ಸಾಲು ಯಾರೂ ಮುರಿಯುವುದಿಲ್ಲ. ಚಹಾ ಹೋಗದಿದ್ದರೆ ಸೂಪು ಹೋಗುವಂತಿಲ್ಲ, ಸೂಪು ಹೋಗದಿದ್ದರೆ ಅನ್ನ ಎಲ್ಲಿ ಎಂದು ಯಾರೂ ಕೇಳುವಂತಿಲ್ಲ. ಚಹಾ ನಿಂತರೆ ಅನ್ನಕ್ಕೆ ನೀರೂ ಸಿಗುತ್ತದೆ, ಹೊತ್ತೂ ಸಿಗುತ್ತದೆ. ಬೈಗುಳ ಮಾತ್ರ ಚಹಾದವಳಿಗೆ.

"ಎತ್ತು, ಆ ಕಡೆ ಹಿಡಿ," ಎಂದಳು ವರ್ಸಿನಿ.

ತುಗಿಯೆಮ್ ಬಾಯಿ ತೆರೆದು ನೋಡುತ್ತಿದ್ದಂತೆ ಇಬ್ಬರೂ ಹಂಡೆಯನ್ನು ಪರದೆಯ ಒಳಗೆ ಒಯ್ದರು. ಒಳಗೆ ಹೋದ ಮೇಲೆ ವರ್ಸಿನಿಯ ಕೈಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮರಿಗೆ, ಮುಚ್ಚಳ, ಒದ್ದೆ ಬಟ್ಟೆ; ಹಬೆ ಬೆರಳು ಸುಟ್ಟರೂ ಕೈ ನಿಲ್ಲಲಿಲ್ಲ. ಸುಟ್ಟ ವಾಸನೆ ಹೋಗಲು ಕೇದಗೆಯಂಥ ಪರಿಮಳದ ಪಂದನ್ ಎಲೆಯನ್ನು ಗಂಟು ಹಾಕಿ ನಡುವೆ ಹುದುಗಿಸಿದಳು. ರುಕ್ಮಿಯಾತಿ ತಾಮ್ರದ ತಳ ಉಜ್ಜಿ, ಹೊಸ ನೀರು ತುಂಬಿದಳು. ಅವಳ ಕೈಯೂ ಚುರುಕು. ಅದನ್ನೂ ವರ್ಸಿನಿ ಗಮನಿಸಿದಳು.

ಹೊರಗೆ ಬಂದು ಖಾಲಿ ಹಂಡೆಗೆ ತಣ್ಣೀರು ತುಂಬಿ ಒಲೆಯ ಮೇಲಿಟ್ಟಳು.

ಮೊದಲ ಸಲ ಧ್ವನಿವರ್ಧಕ ಮೆತ್ತಗೆ ಕೇಳಿತು: "ಚಹಾ ವಿಭಾಗದವರು, ದಯವಿಟ್ಟು." ಹತ್ತು ನಿಮಿಷದ ನಂತರ, "ಅತಿಥಿಗಳು ದೂರದಿಂದ ಬಂದಿದ್ದಾರೆ, ಚಹಾ ವಿಭಾಗದವರು ನಿದ್ದೆ ಮಾಡುತ್ತಿಲ್ಲವೆಂದು ನಂಬಿದ್ದೇವೆ." ಚಪ್ಪರದಲ್ಲಿ ನಗು. ಮೂರನೆಯ ಸಲ ಹೆಸರು ಹಿಡಿದೇ ಕೂಗಿತು: "ಬು ವರ್ಸಿನಿ, ಬು ವರ್ಸಿನಿಯವರೇ, ಎಲ್ಲಿದ್ದೀರಿ?"

ಅಂತೂ ಒಂದು ಸಲ ಅವಳನ್ನು *ಬು* ಎಂದು ಕರೆದರು, ಮುನ್ನೂರು ಜನರಿಗೆ ಕೇಳುವಂತೆ. ಅವಳ ಕಿವಿ ಕಾದ ಕಬ್ಬಿಣದಂತಾಯಿತು.

ಬು ಸುದಾರ್ತಿ ಧುಮುಧುಮಿಸುತ್ತ ಬಂದಳು. "ಯು, ಚಹಾ ಎಲ್ಲಿ? ಅರ್ಧ ಗಂಟೆಯಿಂದ ಬೀಗರು ಬರಿಗೈಲಿ ಕೂತಿದಾರೆ! ಒಂದು ಚಹಾ, ಒಂದೇ ಒಂದು ಹಗುರದ ಕೆಲಸ ಕೊಟ್ರೆ..."

"ಇನ್ನೈದು ನಿಮಿಷ ಬು."

"ಏನು ಐದು ನಿಮಿಷ! ಬೇಕು ಅಂತಲೇ ಮಾಡ್ತಿದೀರಾ?"

ಪರದೆ ಸರಿಯಿತು. ರುಕ್ಮಿಯಾತಿ ಬೆವರೊರೆಸಿಕೊಳ್ಳುತ್ತ ಬಂದು ಇಬ್ಬರ ನಡುವೆ ನಿಂತಳು. "ಬು, ಯು ವರ್ಸಿಗೆ ಏನೂ ಅನ್ಬೇಡಿ. ನಾನು ಪಾತ್ರೆ ನೀರು ಆರಿಸ್ಬಿಟ್ಟೆ, ತಪ್ಪು ನಂದು. ಚಹಾದ ನೀರು ಕೊಟ್ಟು ಅನ್ನ ಉಳಿಸಿದ್ದು ಇವರು. ಈಗ ಬೇಯ್ತಾ ಇದೆ."

ಹದಿನಾಲ್ಕು ಹೆಂಗಸರೆದುರು, ದನಿ ನಡುಗದೆ ಹೇಳಿದಳು. ಅದೆಷ್ಟು ಸುಲಭವಾಗಿ! ವರ್ಸಿನಿ ನೋಡುತ್ತಲೇ ಇದ್ದಳು: ಎಲ್ಲರ ಮುಖ ರುಕ್ಮಿಯಾತಿಯ ಕಡೆ ಸೂರ್ಯಕಾಂತಿ ಬಿಸಿಲಿಗೆ ತಿರುಗಿದಂತೆ ತಿರುಗಿತು. ಎಂಥ ನೇರ ಹೆಂಗಸು, ಎನ್ನುವುದು ಒಬ್ಬರೂ ಹೇಳದೆ ಹಿತ್ತಲಲ್ಲೆಲ್ಲ ಕೇಳಿಸಿತು. ಬು ಸುದಾರ್ತಿಯ ಕೈ ಹೋಗಿ ಅವಳ ತೋಳಿನ ಮೇಲೆ ಕೂತಿತು. ಹಬೆಯಲ್ಲಿ ಕೈ ಸುಟ್ಟುಕೊಂಡದ್ದು ತಾನು, ಮೈಕಿನಲ್ಲಿ ಹೆಸರು ಹರಾಜಾದದ್ದು ತನ್ನದು, ದೊಡ್ಡವಳಾದದ್ದು ಇವಳು. ತಪ್ಪು ಮಾಡಿಯೂ ಗೆದ್ದಳು.

ವರ್ಸಿನಿಗೆ ತಡೆಯಲಾಗಲಿಲ್ಲ.

"ನಂಗೆ ಕೇಳಿಸಿತ್ತು," ಎಂದಳು.

"ಏನು?"

"ನೀರು ಆರೋದು. ಒಂಬತ್ತು ಗಂಟೆಗೇ. ಗೋಡೆಗೆ ಒರಗಿ ಕೂತಿದ್ನಲ್ಲ, ಎಲ್ಲಾ ಕೇಳಿಸ್ತು. ಹೇಳ್ಬಹುದಿತ್ತು. ಹೇಳ್ಲಿಲ್ಲ."

ತುಗಿಯೆಮ್ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಪದ್ಧತಿ..." ಎಂದು ತುಗಿಯೆಮ್ ಏನೋ ಸಹಾಯಕ್ಕೆ ಬಂದಳು.

"ಪದ್ಧತಿ ಅಲ್ಲ ಕಣೇ. ಹೊಟ್ಟೆಕಿಚ್ಚು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಸತ್ಯ ಹೇಳಬೇಕೆಂದು ಹೇಳಿದ್ದಲ್ಲ ಅದು. ನೇರ ಹೆಂಗಸು ಎನ್ನುವ ಹೆಸರನ್ನು ರುಕ್ಮಿಯಾತಿ ಒಬ್ಬಳಿಗೇ ಬಿಟ್ಟುಕೊಡಲಾಗಲಿಲ್ಲ, ಅಷ್ಟೆ. ಈಗ ಎಲ್ಲರೂ ಅವಳನ್ನು ನೇರವಾಗಿ ನೋಡುತ್ತಿದ್ದರು, ಸೌತೆಕಾಯಿ, ಉಗುರು, ಲೋಟ ಎಲ್ಲ ಬಿಟ್ಟು. ಬಿದ್ದದ್ದು ಹೊರಗಿನಿಂದಲ್ಲ, ತನ್ನ ಕೈಯಿಂದಲೇ ಸುರಿದುಕೊಂಡದ್ದು. ಅದನ್ನೂ ವಿರಾಂಗ್ ಎನ್ನುತ್ತಾರೆಯೇ? ಅತ್ತೆ ಇದ್ದಿದ್ದರೆ ಕೇಳಬಹುದಿತ್ತು. ಊರು ಬಿಡಬೇಕೆನಿಸಲಿಲ್ಲ. ಬಾಯಿ ಒಣಗಿತ್ತು, ಹಸಿವೂ ಆಗಿತ್ತು.

ಈ ಎರಡು ವರ್ಷದಲ್ಲಿ ರುಕ್ಮಿಯಾತಿ ಅವಳನ್ನು ನಗುವಿಲ್ಲದೆ ದಿಟ್ಟಿಸಿದ್ದು ಇದೇ ಮೊದಲು. "ಒಂಬತ್ತಕ್ಕೇ ಕೇಳಿಸಿತ್ತಾ ನಿಮಗೆ?"

"ಹ್ಞೂಂ."

"ನಾನು ಒಳಗೆ ಬೆವರು ಸುರಿಸ್ತಾ ದೇವರಿಗೆ ಹರಕೆ ಹೊರ್ತಾ ಇದ್ದೆ ಯು. ನೀವು ಒಂದು ಗಂಟೆ ಸುಮ್ನೆ ಕೂತಿದ್ರಾ? ನಿಮ್ಮ ಜಾಗ ನಾನು ಕೇಳಿರ್ಲಿಲ್ಲ. ಬು ಬಂದು ಕರೆದ್ರು. ನೀವೇ ಬೇಡ ಅಂದಿದೀರಿ ಅಂದ್ರು."

ಎಲ್ಲರೂ ಈಗ ಬು ಸುದಾರ್ತಿಯನ್ನು ನೋಡಿದರು. ಬು ಸುದಾರ್ತಿ ಮುಡಿ ಮುಟ್ಟಿಕೊಂಡಳು. "ಅದು... ನೀವಿಬ್ರೂ ಜಗಳ ಆಡ್ಬಾರ್ದು ಅಂತ..."

"ಮುಗೀತಾ ಎಲ್ಲರದ್ದೂ?" ಎಂದಳು ಕಸಿಯೆಮ್ ಅಜ್ಜಿ, ಮತ್ತೆ ಚಾಕು ಎತ್ತಿಕೊಂಡು. "ಇನ್ನೂ ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ನಾಳೆ ಪಾತ್ರೆ ತೊಳೆಯುವಾಗ ಹೇಳಿ. ವರ್ಸಿ, ನಿನ್ನ ನೀರು ಕುದೀತಾ ಇದೆ."

ಕುದಿಯುತ್ತಿತ್ತು. ವರ್ಸಿನಿ ಚಹಾಪುಡಿಯ ಗಂಟು ಇಳಿಬಿಟ್ಟಳು, ಸಕ್ಕರೆ ಸುರಿದಳು. ತುಗಿಯೆಮ್ ಲೋಟ ಜೋಡಿಸಿದಳು. ಬಡಿಸುವ ಹುಡುಗರು ತಟ್ಟೆ ಹಿಡಿದು ಸಾಲಾಗಿ ನಿಂತರು. ಮೊದಲ ತಟ್ಟೆಯನ್ನು ವರ್ಸಿನಿ ಅವರಿಗೆ ಕೊಡಲಿಲ್ಲ.

"ಇದು ನಾನೇ ಒಯ್ತೀನಿ. ಹೆಸರು ಹಿಡಿದು ಕರೆದಿದಾರಲ್ಲ."

ಚಪ್ಪರಕ್ಕೆ ಅವಳು ಕಾಲಿಟ್ಟಾಗ ಮುನ್ನೂರು ತಲೆಗಳು ತಿರುಗಿದವು. ಯಾರೋ ಚಪ್ಪಾಳೆ ತಟ್ಟಿದರು, ಗೇಲಿಗೆ. ಮೊದಲ ಸಾಲಿನಲ್ಲಿ ಪಕ್ಕದ ಊರಿನ ಹಿರಿಯ ಪಾಕ್ ಸಸ್ತ್ರೋ, ಇವಳ ಅನ್ನವನ್ನು ಹತ್ತಾರು ಮದುವೆಗಳಲ್ಲಿ ಉಂಡವರು, ಲೋಟ ತೆಗೆದುಕೊಳ್ಳುತ್ತ ಗಟ್ಟಿಯಾಗಿ ಕೇಳಿದರು, "ಏನು ವರ್ಸಿ, ಅನ್ನ ಬಿಟ್ಟು ಚಹಾಕ್ಕೆ ಇಳಿದುಬಿಟ್ಯಾ? ಹಾಗಾದ್ರೆ ಇವತ್ತು ಅನ್ನ ಯಾರದ್ದು?"

"ರುಕ್ಮಿಯಾತಿದು, ಪಾಕ್."

"ಚೆನ್ನಾಗಿ ಮಾಡ್ತಾಳಾ?"

ಅಕ್ಕಪಕ್ಕದವರೂ ಕತ್ತು ಚಾಚಿದರು. ವರ್ಸಿನಿ ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡಳು.

"ತಿಂದು ನೀವೇ ಹೇಳಿ."

ಸೂಪು ಹೋಯಿತು. ಹನ್ನೆರಡರ ಹತ್ತಿರ ಅನ್ನದ ತಟ್ಟೆಗಳು ಬಂದವು. ವರ್ಸಿನಿ ಚಪ್ಪರದ ಕಂಬದ ಹಿಂದೆ ನಿಂತು ಪಾಕ್ ಸಸ್ತ್ರೋ ಅವರ ಬಾಯನ್ನೇ ನೋಡಿದಳು, ಆಮೇಲೆ ಅವರ ಹೆಂಡತಿಯದು, ಆಮೇಲೆ ಬೀಗಿತ್ತಿಯದು. ಎಲ್ಲೋ ಒಬ್ಬರಾದರೂ ಒಂದಿಷ್ಟು ಮುಖ ಸಿಂಡರಿಸಲಿ ಎಂದು ಕಾದಳು. ಎಲ್ಲರೂ ಸುಮ್ಮನೆ ಉಣ್ಣುತ್ತಿದ್ದರು. ಪಾಕ್ ಸಸ್ತ್ರೋ ತಟ್ಟೆಯ ಅಂಚಿಗೆ ಅಂಟಿದ್ದ ಅಗುಳನ್ನೂ ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡರು.